ಹಳೆಯ ಮೋಟಾರ್ ಸೈಕಲ್ಲಿಗೆ ಕಿಡಿ ಬಾರದಿದ್ದರೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961 ರಲ್ಲಿ ಆರಂಭವಾಗಿ 1996 ರಲ್ಲಿ ಮುಚ್ಚಿತು. ಆದರೆ ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಗಾಡಿಗಳು ಇನ್ನೂ ಎಷ್ಟೋ ರೈತರ ಮನೆಗಳಲ್ಲಿವೆ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಮೇವಿನ ಹೊರೆ ಯಾವುದನ್ನೂ ಇವು ಒಲ್ಲೆನೆಂದಿಲ್ಲ. ಇಂತಹ ಗಾಡಿ ಮಳೆಗಾಲದ ಮುಂಜಾನೆ ಇಪ್ಪತ್ತು ಕಿಕ್ ಹೊಡೆದರೂ ಏಳದಿದ್ದರೆ ಡೇರಿಗೆ ಹಾಲು ಹಾಕುವ ಹೊತ್ತು ಮೀರುತ್ತದೆ, ಹಾಲು ಮನೆಯಲ್ಲೇ ಉಳಿಯುತ್ತದೆ. ಮೆಕ್ಯಾನಿಕ್ ಬಂದು "ಕರೆಂಟ್ ಬರ್ತಿಲ್ಲ, ಕಾಯಿಲ್ ಹೋಗಿದೆ" ಎನ್ನುತ್ತಾನೆ. ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕುವುದೇ ರೂಢಿಯಾಗಿದೆ. ಹೀಗೆ ಬಿಸಾಡಿದ ಕಾಯಿಲುಗಳಲ್ಲಿ ಎಷ್ಟೋ ಚೆನ್ನಾಗಿಯೇ ಇರುತ್ತವೆ. ಕೆಟ್ಟಿರುವುದು ಕಾಯಿಲಿನಿಂದ ಪ್ಲಗ್ಗಿಗೆ ಹೋಗುವ ತಂತಿ.

ನಾನು ಬೇಸಾಯಶಾಸ್ತ್ರ ಓದಿದವನು, ಯಂತ್ರಶಾಸ್ತ್ರವನ್ನಲ್ಲ. ಆದರೆ ತಂದೆಯವರ ಯೆಜ್ಡಿಯಲ್ಲಿ ಪ್ರಾತ್ಯಕ್ಷಿಕೆ ತಾಕುಗಳಿಗೆ ಓಡಾಡಿದ್ದೇನೆ. ಒಂದು ಮಳೆಗಾಲದಲ್ಲಿ ಎರಡು ಕಾಯಿಲ್ ಕೊಂಡೆ. ಎರಡನೆಯದೂ ವಾರದೊಳಗೆ ಕೈಕೊಟ್ಟಾಗ ಪ್ಲಗ್ ಕ್ಯಾಪನ್ನು ತಿರುಗಿಸಿ ಬಿಚ್ಚಿ ನೋಡಿದೆ. ಒಳಗೆ ತಂತಿಯ ತಾಮ್ರದ ಎಳೆಗಳು ಹಸಿರು ಪುಡಿಯಾಗಿದ್ದವು. ಅರ್ಧ ಅಂಗುಲ ಕತ್ತರಿಸಿ ಕ್ಯಾಪನ್ನು ಮತ್ತೆ ಕೂರಿಸಿದೆ. ಎರಡನೆಯ ಕಿಕ್ಕಿಗೆ ಗಾಡಿ ಎದ್ದಿತು. ಭತ್ತದ ಎಲೆ ಹಳದಿಯಾದೊಡನೆ ಯೂರಿಯಾ ಎರಚುವವರಿಗೆ "ಮೊದಲು ಕಾರಣ ತಿಳಿಯಿರಿ, ಸತುವಿನ ಕೊರತೆ ಇದ್ದೀತು" ಎಂದು ಊರೂರಿಗೆ ಹೇಳುತ್ತ ಬಂದವನು ನಾನೇ!

ಕಿಡಿ ಹುಟ್ಟುವ ಬಗೆ

ಕಾಯಿಲ್ ವಿದ್ಯುತ್ತಿನ ಒತ್ತಡವನ್ನು ಏರಿಸುವ ಸಾಧನ. ಅದರೊಳಗೆ ಕಬ್ಬಿಣದ ತಿರುಳಿನ ಮೇಲೆ ಎರಡು ಸುರುಳಿಗಳಿರುತ್ತವೆ. ದಪ್ಪ ತಂತಿಯ ಸುರುಳಿಯಲ್ಲಿ ಕೆಲವು ನೂರು ಸುತ್ತುಗಳಿದ್ದರೆ, ಕೂದಲಿನಷ್ಟು ಸಣ್ಣ ತಂತಿಯದರಲ್ಲಿ ಹಲವು ಸಾವಿರ ಸುತ್ತುಗಳಿರುತ್ತವೆ. ಬ್ಯಾಟರಿಯ 6 ವೋಲ್ಟ್ ಪ್ರವಾಹವು ದಪ್ಪ ಸುರುಳಿಯಲ್ಲಿ ಹರಿಯುತ್ತಿರುವಾಗ ಸಿ.ಬಿ. ಪಾಯಿಂಟ್ ತೆರೆದುಕೊಂಡರೆ ಪ್ರವಾಹ ಥಟ್ಟನೆ ಕಡಿಯುತ್ತದೆ. ಆ ಕ್ಷಣದಲ್ಲಿ ಸಣ್ಣ ಸುರುಳಿಯಲ್ಲಿ 10,000 ವೋಲ್ಟಿಗೂ ಮೀರಿದ ಒತ್ತಡ ಉಂಟಾಗಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಎರಡು ಸ್ಟ್ರೋಕಿನ ಒಂಟಿ ಸಿಲಿಂಡರ್ ಎಂಜಿನ್ನಿಗೆ ಪ್ರತಿ ಸುತ್ತಿಗೂ ಒಂದು ಕಿಡಿ ಬೇಕು. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಕಿಡಿಗಳಾಗುತ್ತವೆ.

ಇಷ್ಟು ಒತ್ತಡದ ವಿದ್ಯುತ್ತು ಸುಲಭದ ದಾರಿಯನ್ನೇ ಹಿಡಿಯುತ್ತದೆ. ಬದುವಿನಲ್ಲಿ ಏಡಿ ಬಿಲವಿದ್ದರೆ ನೀರು ಕೊನೆಯ ಮಡಿಗೆ ತಲುಪುವುದಿಲ್ಲ. ಹಾಗೆಯೇ ಪ್ಲಗ್ ತಂತಿಯ ರಬ್ಬರಿನಲ್ಲಿ ಸಣ್ಣ ಬಿರುಕಿದ್ದರೂ ಕಿಡಿ ಅಲ್ಲಿಯೇ ಎಂಜಿನ್ನಿನ ಮೈಗೆ ಹಾರಿಬಿಡುತ್ತದೆ. ಒಣಹವೆಯಲ್ಲಿ ಸುಮ್ಮನಿದ್ದ ಬಿರುಕು ಮಳೆಗಾಲದಲ್ಲಿ ತೊಂದರೆ ಕೊಡುವುದಕ್ಕೆ ಇದೇ ಕಾರಣ.

ಪರೀಕ್ಷೆ

ಇಲ್ಲಿ ಹೇಳುವುದು ಪಾಯಿಂಟ್ ಇರುವ ಗಾಡಿಗಳಿಗೆ ಮಾತ್ರ. ಮೊದಲು ಪೆಟ್ರೋಲ್ ಕಾಕ್ ಮುಚ್ಚಿರಿ. ಪ್ಲಗ್ ಬಿಚ್ಚಿ, ಅದರ ರಂಧ್ರಕ್ಕೆ ಒಣಬಟ್ಟೆ ತುರುಕಿರಿ. ಅಲ್ಲಿಂದ ಹೊರಬರುವ ಪೆಟ್ರೋಲ್ ಆವಿಗೆ ಕಿಡಿ ತಗುಲಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ರಂಧ್ರದಿಂದ ದೂರ, ಅದರ ಲೋಹದ ಮೈ ಎಂಜಿನ್ನಿಗೆ ಚೆನ್ನಾಗಿ ತಾಗುವಂತೆ ಒರಗಿಸಿ ಕಿಕ್ ಹೊಡೆಯಿರಿ. ಪ್ಲಗ್ ಸಡಿಲವಾಗಿ ತೂಗಾಡುತ್ತಿರುವಾಗ ಕಿಕ್ ಹೊಡೆಯಬಾರದು. ಹೊರಗೆ ದಾರಿ ಸಿಗದ ಒತ್ತಡ ಕಾಯಿಲಿನ ಒಳಪದರವನ್ನೇ ಸೀಳುತ್ತದೆ. ಚಟ್ಟೆಂಬ ಸದ್ದಿನ ನೀಲಿ ಕಿಡಿ ಬಂದರೆ ದೋಷ ಬೇರೆಡೆ ಇದೆ. ಕಿಡಿ ಇಲ್ಲದಿದ್ದರೆ ಅಥವಾ ಹಳದಿಯಾಗಿ ಸೊರಗಿದ್ದರೆ, ಹೊಸ ಪ್ಲಗ್ ಹಾಕಿ ಇನ್ನೊಮ್ಮೆ ನೋಡಿರಿ.

ಆಗಲೂ ಸರಿಹೋಗದಿದ್ದರೆ ಕ್ಯಾಪನ್ನು ತಿರುಗಿಸಿ ತೆಗೆಯಿರಿ. ತಂತಿಯನ್ನು ಒಣ ಮರದ ಚಿಮಟದಿಂದ ಹಿಡಿದು, ತುದಿಯು ಎಂಜಿನ್ನಿನ ಲೋಹದಿಂದ 5-6 ಮಿ.ಮೀ. ದೂರವಿರುವಂತೆ ಮಾಡಿ ಕಿಕ್ ಹೊಡೆಸಿರಿ. ಬರಿಗೈಯಲ್ಲಿ ಹಿಡಿದರೆ ಬಲವಾದ ಹೊಡೆತ ಬೀಳುತ್ತದೆ. ಹೃದಯದ ತೊಂದರೆ ಇರುವವರು ಈ ಕೆಲಸಕ್ಕೆ ಕೈಹಾಕಕೂಡದು. ಈಗ ಕಿಡಿ ಹಾರಿದರೆ ತಪ್ಪು ಕ್ಯಾಪಿನದು ಅಥವಾ ಅದರೊಳಗಿದ್ದ ತಂತಿಯ ತುದಿಯದು. ಇಷ್ಟರಲ್ಲೇ ಅರ್ಧದಷ್ಟು ಪ್ರಕರಣಗಳು ಮುಗಿಯುತ್ತವೆಂದು ನನ್ನ ಅನುಭವ.

ಗಾಡಿ ಓಡುತ್ತಿದ್ದರೂ ಮಿಸ್ಸಿಂಗ್ ಇದ್ದರೆ ರಾತ್ರಿಯ ಪರೀಕ್ಷೆ ಒಳ್ಳೆಯದು. ದೀಪವಿಲ್ಲದ, ಗಾಳಿಯಾಡುವ ಕಡೆ ಎಂಜಿನ್ ಚಾಲೂ ಮಾಡಿ, ತಂತಿಯ ಮೇಲೆ ಸ್ವಲ್ಪ ನೀರು ಚಿಮುಕಿಸಿ ದೂರ ನಿಂತು ನೋಡಿರಿ. ವಿದ್ಯುತ್ತು ಸೋರುವ ಜಾಗದಲ್ಲಿ ನೀಲಿ ಎಳೆಗಳು ಮಿಣಮಿಣ ಹರಿದಾಡುತ್ತವೆ.

ತಂತಿಯ ದುರಸ್ತಿ

ಎಳೆಗಳು ಕಪ್ಪಾಗಿದ್ದರೆ ಅಥವಾ ಹಸಿರಾಗಿದ್ದರೆ ಹೊಳೆಯುವ ತಾಮ್ರ ಕಾಣುವವರೆಗೆ ತುದಿಯನ್ನು ಹರಿತವಾದ ಚಾಕುವಿನಿಂದ ನೇರವಾಗಿ ಕತ್ತರಿಸಬೇಕು. ರಬ್ಬರನ್ನು ಹೆರೆಯಬಾರದು. ಕ್ಯಾಪಿನೊಳಗಿನ ಮೊನಚು ತಿರುಪು ಎಳೆಗಳ ನಡುವೆಯೇ ಇಳಿಯುವಂತೆ ಒತ್ತಿ ತಿರುಗಿಸಿರಿ. ಮೆಲ್ಲಗೆ ಎಳೆದರೆ ಅದು ಕಳಚಬಾರದು. ಕಾಯಿಲಿನ ಕಡೆಯ ತುದಿಯನ್ನೂ ನೋಡಿರಿ, ಹೆಚ್ಚಿನವರು ಇದನ್ನು ಮರೆಯುತ್ತಾರೆ. ಕಾಯಿಲ್ ಎಲ್ಲಿದೆಯೆಂದು ತಿಳಿಯದಿದ್ದರೆ ಪ್ಲಗ್ಗಿನಿಂದ ಆ ದಪ್ಪ ತಂತಿಯನ್ನೇ ಹಿಡಿದು ಹೋದರೆ ಸಿಗುತ್ತದೆ. ಕತ್ತರಿಸಿದ ಮೇಲೆ ತಂತಿ ಬಿಗಿಯಾಗಿ ಎಳೆದು ನಿಲ್ಲುವಂತಿದ್ದರೆ ಹೊಸದನ್ನೇ ಹಾಕಬೇಕು.

ನಡುವೆ ಬಿರುಕು ಬಿಟ್ಟ ತಂತಿಗೆ ಟೇಪ್ ಸುತ್ತುವುದು ಊರು ಸೇರುವವರೆಗಿನ ಉಪಾಯ ಮಾತ್ರ. ಮನೆಯ ದೀಪದ ವಯರನ್ನು ಇಲ್ಲಿ ಎಂದೂ ಬಳಸಬಾರದು. ಅದರ ಹೊದಿಕೆ ಈ ಒತ್ತಡವನ್ನು ತಡೆಯಲಾರದು. ಅಂಗಡಿಯಲ್ಲಿ ತಾಮ್ರದ ಎಳೆಗಳ ಪ್ಲಗ್ ವಯರನ್ನೇ ಕೇಳಿರಿ. ಕಾರುಗಳಿಗೆ ಬರುವ ಇಂಗಾಲದ ತಿರುಳಿನ ತಂತಿಯಲ್ಲಿ ಕ್ಯಾಪಿನ ತಿರುಪು ಹಿಡಿದು ನಿಲ್ಲುವುದಿಲ್ಲ.

ರೈತರ ಮನೆಯಲ್ಲಿ ಈ ತಂತಿಗೆ ಇನ್ನೆರಡು ಶತ್ರುಗಳುಂಟು. ಕಾಳಿನ ಕೋಣೆಯ ಪಕ್ಕ ಗಾಡಿ ನಿಲ್ಲಿಸಿದರೆ ಇಲಿಗಳು ರಬ್ಬರನ್ನು ಕಡಿಯುತ್ತವೆ. ಗೊಬ್ಬರದ ಚೀಲ ಸಾಗಿಸುವಾಗ ಉದುರಿದ ಪುಡಿ ತೇವ ಹೀರಿಕೊಂಡು ತಾಮ್ರ, ಹಿತ್ತಾಳೆಗಳನ್ನು ತಿನ್ನುತ್ತದೆ. ಗೊಬ್ಬರ ಸಾಗಿಸಿದ ದಿನ ಒಣಬಟ್ಟೆಯಿಂದ ಒರೆಸಿಡುವುದು ಲೇಸು.

ಕಾಯಿಲಿನ ವಿಚಾರ

ತಂತಿ, ಕ್ಯಾಪ್, ಪ್ಲಗ್ ಮೂರೂ ಸರಿಯಿದ್ದು ಕಿಡಿ ಇಲ್ಲವೆಂದರೆ ಬ್ಯಾಟರಿಗೆ ಹೊಂದುವ ಸಣ್ಣ ಬಲ್ಬಿಗೆ ಎರಡು ವಯರ್ ಕಟ್ಟಿ ಪರೀಕ್ಷಾ ದೀಪ ಮಾಡಿಕೊಳ್ಳಿರಿ. ಒಂದು ವಯರನ್ನು ಎಂಜಿನ್ನಿನ ಮೈಗೆ ಹಿಡಿದು, ಕೀಲಿ ತಿರುಗಿಸಿ, ಇನ್ನೊಂದನ್ನು ಸ್ವಿಚ್ಚಿನಿಂದ ಬರುವ ವಯರ್ ಸೇರುವ ತಿರುಪಿಗೆ ತಾಗಿಸಿರಿ. ಇಲ್ಲಿ ದೀಪ ಹತ್ತದಿದ್ದರೆ ದೋಷ ಸ್ವಿಚ್ಚು ಇಲ್ಲವೆ ಬ್ಯಾಟರಿಯ ಕಡೆಗಿದೆ. ಹತ್ತಿದರೆ, ಪಾಯಿಂಟಿಗೆ ಹೋಗುವ ವಯರನ್ನು ಕಾಯಿಲಿನಿಂದ ಕಳಚಿ, ಆ ತಿರುಪಿಗೆ ದೀಪ ತಾಗಿಸಿರಿ. ಆಗ ದೀಪ ಹತ್ತದಿದ್ದರೆ ದಪ್ಪ ಸುರುಳಿ ತುಂಡಾಗಿದೆ ಎಂದರ್ಥ. ಹತ್ತಿದರೆ ಪಾಯಿಂಟ್ ಮತ್ತು ಕಂಡೆನ್ಸರನ್ನು ನೋಡಬೇಕು. ಪಾಯಿಂಟ್ ಪೂರ್ಣ ತೆರೆದಾಗ ಅಂತರ ಸುಮಾರು 0.4 ಮಿ.ಮೀ. ಇರಬೇಕು. ಪಾಯಿಂಟಿನಲ್ಲೇ ದೊಡ್ಡ ಕಿಡಿ ಹಾರಿ ಅದು ಬೇಗ ಸುಡುತ್ತಿದ್ದರೆ ಕಂಡೆನ್ಸರ್ ಬದಲಾಯಿಸಿರಿ. ಇದು ಕಾಯಿಲಿಗಿಂತ ಬಹಳ ಅಗ್ಗದ ವಸ್ತು.

ಇನ್ನೊಂದು ಬಗೆಯ ದೋಷವಿದೆ. ಗಾಡಿ ನಾಲ್ಕಾರು ಮೈಲಿ ಓಡಿ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ಮತ್ತೆ ಏಳುತ್ತದೆ. ಬಿಸಿಯಾದಾಗ ಕಾಯಿಲಿನ ಒಳಗೆ ಸಂಪರ್ಕ ತಪ್ಪುವುದು ಇದಕ್ಕೆ ಒಂದು ಕಾರಣ. ಆದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿದರೂ ಇದೇ ಲಕ್ಷಣ ಕಾಣುತ್ತದೆ! ಆದ್ದರಿಂದ ನಿಂತ ಸ್ಥಳದಲ್ಲೇ ಕಿಡಿ ನೋಡಿರಿ. ಕಿಡಿ ಚೆನ್ನಾಗಿದ್ದು, ಮುಚ್ಚಳ ತೆರೆದಾಗ ಬುಸ್ಸೆಂದು ಗಾಳಿ ಒಳನುಗ್ಗಿದರೆ ಸೂಜಿಯಿಂದ ಆ ರಂಧ್ರ ಬಿಡಿಸಿದರೆ ಸಾಕು. ಕಿಡಿ ಇಲ್ಲದಿದ್ದರೆ ಕಂಡೆನ್ಸರನ್ನು ಮೊದಲು, ಕಾಯಿಲನ್ನು ಆಮೇಲೆ ಬದಲಾಯಿಸಿ ನೋಡಿರಿ.

ಒಳಗೆ ಕೆಟ್ಟ ಕಾಯಿಲನ್ನು ದುರಸ್ತಿ ಮಾಡಲು ಬರುವುದಿಲ್ಲ. ಮೇಣ ತುಂಬಿಯೋ ಅಂಟು ಬಳಿದೋ ಮಾರುವವರಿದ್ದಾರೆ, ಅದಕ್ಕೆ ಹಣ ಹಾಕಬೇಡಿ. ಹೊಸದನ್ನು ಕೊಳ್ಳುವಾಗ ಬ್ಯಾಟರಿಯ ಮುಚ್ಚಳಗಳನ್ನು ಎಣಿಸಿಕೊಂಡು ಹೋಗಿರಿ. ಮೂರಿದ್ದರೆ 6 ವೋಲ್ಟ್, ಆರಿದ್ದರೆ 12 ವೋಲ್ಟ್. 6 ವೋಲ್ಟ್ ಗಾಡಿಗೆ 12 ವೋಲ್ಟಿನ ಕಾಯಿಲ್ ಹಾಕಿದರೆ ಕಿಡಿ ಸೊರಗುತ್ತದೆ, ತಿರುಗಾಮುರುಗಾ ಆದರೆ ಕಾಯಿಲ್ ಸುಡುತ್ತದೆ. ಕೂರಿಸುವ ಜಾಗದ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿಯಾಗಿ ತಿರುಪಬೇಕು.

ಎಂಜಿನ್ ನಿಂತಿರುವಾಗ ಕೀಲಿಯನ್ನು ಚಾಲೂ ಬಿಡುವ ಅಭ್ಯಾಸ ಕೆಲವರಿಗಿದೆ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ನಿಂತಿದ್ದರೆ, ಒಂದೂವರೆ ಓಮ್ ರೋಧದ ಕಾಯಿಲಿನಲ್ಲಿ 6 ವೋಲ್ಟಿಗೆ 4 ಆಂಪಿಯರ್ ಪ್ರವಾಹ ಬಿಡುವಿಲ್ಲದೆ ಹರಿಯುತ್ತದೆ. ಹೊಲದ ಬದುವಿನಲ್ಲಿ ಗಾಡಿ ನಿಲ್ಲಿಸಿ ಗಂಟೆಗಟ್ಟಲೆ ಮಾತಿಗೆ ನಿಂತವರು ಹಿಂದಿರುಗುವಷ್ಟರಲ್ಲಿ ಬ್ಯಾಟರಿ ಇಳಿದು, ಹೊಸ ಕಾಯಿಲ್ ಕೈಗೆ ಸುಡುವಷ್ಟು ಕಾದಿರುತ್ತದೆ.