ಪರದೇಶದಲ್ಲಿ ಮೊಬೈಲು: ಮಾತು ಸಾಗುವ ದಾರಿ

ಉನ್ನತ ವ್ಯಾಸಂಗಕ್ಕೆಂದು ಮೈಸೂರಿನಿಂದ ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋದ ವಿದ್ಯಾರ್ಥಿಯೊಬ್ಬನು, ಅಲ್ಲಿಯೇ ಪಕ್ಕದ ಬೀದಿಯಲ್ಲಿರುವ ಧಾರವಾಡದ ಗೆಳೆಯನಿಗೆ ಮೊಬೈಲಿನಿಂದ ಕರೆ ಮಾಡುತ್ತಾನೆಂದು ಭಾವಿಸೋಣ. ಇಬ್ಬರ ಬಳಿಯಲ್ಲಿಯೂ ಭಾರತದ ಸಿಮ್ ಕಾರ್ಡುಗಳೇ ಇವೆ. ಇಬ್ಬರ ನಡುವಣ ದೂರ ಕೂಗಳತೆಯಷ್ಟು. ಆದರೆ ಆ ಮಾತು ಸಾಮಾನ್ಯವಾಗಿ ಮ್ಯೂನಿಕ್‌ನಿಂದ ಹೊರಟು ಸುಮಾರು ಏಳು ಸಾವಿರ ಕಿಲೋಮೀಟರು ಸಾಗಿ ಭಾರತವನ್ನು ಸೇರಿ, ಅಲ್ಲಿಂದ ಅಷ್ಟೇ ದೂರ ಹಿಂದಿರುಗಿ ಗೆಳೆಯನ ಕಿವಿಯನ್ನು ಮುಟ್ಟುತ್ತದೆ. ಕರೆದವನೂ ಹಣ ತೆರಬೇಕು. ಕರೆ ಸ್ವೀಕರಿಸಿದವನೂ ತೆರಬೇಕು. ಈ ವಿಚಿತ್ರಕ್ಕೆ ಕಾರಣವೇನು? ಇದನ್ನು ತಿಳಿದರೆ ಪರದೇಶದಲ್ಲಿ ಮೊಬೈಲನ್ನು ಮಿತವ್ಯಯದಿಂದ ಬಳಸುವ ಉಪಾಯವೂ ತಾನಾಗಿಯೇ ತಿಳಿಯುತ್ತದೆ.

ಮೊದಲು ಸಿಮ್ ಕಾರ್ಡಿನ ವಿಚಾರ. ಅದರಲ್ಲಿ ಸಾಮಾನ್ಯವಾಗಿ ಹದಿನೈದು ಅಂಕಿಗಳ ಒಂದು ಗುರುತಿನ ಸಂಖ್ಯೆ ಅಡಗಿರುತ್ತದೆ. ಇದು ನಾವು ಇತರರಿಗೆ ಕೊಡುವ ದೂರವಾಣಿ ಸಂಖ್ಯೆಯಲ್ಲ. ಇದರ ಮೊದಲ ಮೂರು ಅಂಕಿಗಳು ದೇಶವನ್ನು ಸೂಚಿಸುತ್ತವೆ: 404 ಮತ್ತು 405 ಭಾರತದವು, 262 ಜರ್ಮನಿಯದು, 208 ಫ್ರಾನ್ಸಿನದು. ಅನಂತರದ ಅಂಕಿಗಳು ಕಂಪನಿಯನ್ನೂ ಚಂದಾದಾರನನ್ನೂ ತಿಳಿಸುತ್ತವೆ. ಮ್ಯೂನಿಕ್‌ನಲ್ಲಿ ಫೋನನ್ನು ಚಾಲೂ ಮಾಡಿದೊಡನೆ ಅಲ್ಲಿಯ ಜಾಲವು ಈ ಸಂಖ್ಯೆಯನ್ನು ಓದಿ, ‘ಇವನು ಭಾರತದ ಚಂದಾದಾರ’ ಎಂದು ಅರಿತು, ಭಾರತದ ಕಂಪನಿಯನ್ನು ವಿಚಾರಿಸುತ್ತದೆ. ಎರಡು ಕಂಪನಿಗಳ ನಡುವೆ ಒಪ್ಪಂದವಿದ್ದು ಅನುಮತಿ ದೊರೆತರೆ ಫೋನು ಕೆಲಸ ಮಾಡುತ್ತದೆ. ಇದಕ್ಕೆ ರೋಮಿಂಗ್ ಎಂದು ಹೆಸರು.

ಇದನ್ನು ಅಂಚೆಯ ವ್ಯವಸ್ಥೆಗೆ ಹೋಲಿಸಬಹುದು. ಪರಸ್ಥಳಕ್ಕೆ ಹೋಗುವವನು ತನ್ನ ಊರಿನ ಅಂಚೆ ಕಚೇರಿಯಲ್ಲಿ ಹೊಸ ವಿಳಾಸವನ್ನು ಬರೆದಿಟ್ಟು ಹೋಗುತ್ತಾನೆ. ಅವನಿಗೆ ಬಂದ ಕಾಗದ ಮೊದಲು ಸ್ವಂತ ಊರನ್ನು ಮುಟ್ಟಿ, ಅನಂತರ ಹೊಸ ವಿಳಾಸಕ್ಕೆ ಸಾಗುತ್ತದೆ. ಮೊಬೈಲಿನ ಕರೆಯೂ ಹಾಗೆಯೇ. ಚಂದಾದಾರನು ಈಗ ಎಲ್ಲಿದ್ದಾನೆಂಬುದು ಅವನ ಸ್ವಂತ ಕಂಪನಿಯ ದಾಖಲೆಯಲ್ಲಿ ಮಾತ್ರ ಇರುವುದರಿಂದ ಕರೆ ಮೊದಲು ಭಾರತಕ್ಕೆ ಹೋಗಲೇಬೇಕು. ಕರೆದವನಿಗೆ ಗೆಳೆಯನು ಪರದೇಶದಲ್ಲಿರುವನೆಂಬುದು ತಿಳಿದಿರಬೇಕಾದುದಿಲ್ಲ. ಆದುದರಿಂದ ಭಾರತದಿಂದ ಮುಂದಿನ ದಾರಿಯ ವೆಚ್ಚವು ಕರೆ ಸ್ವೀಕರಿಸಿದವನ ಲೆಕ್ಕಕ್ಕೆ ಬೀಳುತ್ತದೆ. ಅಂತರಜಾಲದ ದತ್ತಾಂಶ, ಎಂದರೆ ಡೇಟಾ ಸಹ ರೋಮಿಂಗ್‌ನಲ್ಲಿ ಬಹುಮಟ್ಟಿಗೆ ಸ್ವದೇಶದ ಜಾಲವನ್ನು ಹಾದೇ ಬರುತ್ತದೆ.

ಹಾಗಾದರೆ ವೆಚ್ಚ ಹೆಚ್ಚಲು ದೂರವೇ ಕಾರಣವೆ? ಅಲ್ಲ. ಸಮುದ್ರದ ತಳದ ಗಾಜಿನ ಎಳೆಗಳಲ್ಲಿ ಮಾತು ಬೆಳಕಾಗಿ ಸಾಗುವುದಕ್ಕೆ ಆಗುವ ಖರ್ಚು ಅತ್ಯಲ್ಪ. ದರವನ್ನು ನಿರ್ಣಯಿಸುವುದು ಕಂಪನಿಗಳ ನಡುವಣ ಒಪ್ಪಂದ. ಇದಕ್ಕೆ ಯೂರೋಪೇ ಸಾಕ್ಷಿ. ಯೂರೋಪಿಯನ್ ಒಕ್ಕೂಟವು 2007ರಲ್ಲಿ ರೋಮಿಂಗ್ ದರಗಳಿಗೆ ಮಿತಿಯನ್ನು ವಿಧಿಸಿ, 2017ರ ಜೂನ್ 15ರಿಂದ ಸದಸ್ಯ ದೇಶಗಳೊಳಗಿನ ಹೆಚ್ಚುವರಿ ಶುಲ್ಕವನ್ನು ರದ್ದುಗೊಳಿಸಿತು. ಬರ್ಲಿನ್ನಿಗೂ ರೋಮ್‌ಗೂ ನಡುವಣ ದೂರ ಅಂದು ಕಡಿಮೆಯಾಗಲಿಲ್ಲ. ಕಡಿಮೆಯಾದುದು ದರ ಮಾತ್ರ.

ಇದರಿಂದ ದೊರೆಯುವ ಮೊದಲ ಪಾಠವಿದು: ಫೋನು ಯಾವ ದೇಶದಲ್ಲಿದೆ ಎಂಬುದಕ್ಕಿಂತ ಸಿಮ್ ಯಾವ ದೇಶದ್ದು ಎಂಬುದು ಮುಖ್ಯ. ಹಲವು ತಿಂಗಳು ತಂಗುವವರು ಅಲ್ಲಿಯ ಸಿಮ್ಮನ್ನೇ ಕೊಳ್ಳುವುದು ಲೇಸು. ಜರ್ಮನಿಯಲ್ಲಿ ಇದಕ್ಕೆ ಗುರುತಿನ ಪತ್ರವನ್ನು ತೋರಿಸಬೇಕು; ನಮ್ಮವರಿಗೆ ಪಾಸ್‌ಪೋರ್ಟೇ ಆ ಪತ್ರ. ಜರ್ಮನಿಯ ಸಿಮ್ ಫ್ರಾನ್ಸ್, ಇಟಲಿಗಳಲ್ಲಿಯೂ ನ್ಯಾಯವಾದ ಬಳಕೆಯ ಮಿತಿಯೊಳಗೆ ಅದೇ ದರಕ್ಕೆ ನಡೆಯುತ್ತದೆ. ಆದರೆ ನೆರೆಯ ಸ್ವಿಟ್ಸರ್ಲೆಂಡ್ ಒಕ್ಕೂಟದ ಸದಸ್ಯನಲ್ಲ. ಆ ದೇಶವನ್ನೂ ಸೇರಿಸಿಕೊಂಡ ಯೋಜನೆಗಳುಂಟಾದರೂ ಗಡಿ ದಾಟುವ ಮುನ್ನ ವಿಚಾರಿಸಿಕೊಳ್ಳಬೇಕು. ಕೆಲವೇ ದಿನಗಳ ಪ್ರವಾಸಿಗೆ ಸ್ವದೇಶದ ಕಂಪನಿಯ ರೋಮಿಂಗ್ ಪ್ಯಾಕ್ ಅಥವಾ ಇ-ಸಿಮ್ ಅನುಕೂಲ. ಇ-ಸಿಮ್ ಎಂದರೆ ಬಿಡಿ ಕಾರ್ಡಿಲ್ಲದೆ, ಫೋನಿನೊಳಗಿನ ಚಿಪ್ಪಿಗೆ ಗುರುತಿನ ಸಂಖ್ಯೆಯನ್ನು ಇಳಿಸಿಕೊಳ್ಳುವ ವ್ಯವಸ್ಥೆ.

ಭಾರತದ ಸಿಮ್ಮನ್ನು ತೆಗೆದಿಡಬೇಕೆ? ಬೇಡ. ಬ್ಯಾಂಕು ಕಳುಹಿಸುವ ಗುಟ್ಟಿನ ಅಂಕಿಗಳು ಬರುವುದು ಆ ಸಂಖ್ಯೆಗೇ. ಅದು ನಿಂತುಹೋದರೆ ಊರಿನ ಖಾತೆಯಿಂದ ಶುಲ್ಕ ಕಟ್ಟುವುದೂ ಕಷ್ಟವಾದೀತು. ಎರಡು ಸಿಮ್ಮುಗಳ ಫೋನಿನಲ್ಲಿ ಇದನ್ನೂ ಇರಿಸಿಕೊಂಡು, ಇದರ ಡೇಟಾ ರೋಮಿಂಗನ್ನು ಮಾತ್ರ ಮುಚ್ಚಿಡಬೇಕು. ಬರುವ ಕಿರುಸಂದೇಶಗಳಿಗೆ ಸಾಮಾನ್ಯವಾಗಿ ಶುಲ್ಕವಿಲ್ಲ. ಆದರೂ ದರ, ಅವಧಿ, ಅಂತರರಾಷ್ಟ್ರೀಯ ರೋಮಿಂಗ್ ಅನುಮತಿ ಈ ಮೂರನ್ನೂ ಹೊರಡುವ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಕಿರುಸಂದೇಶ ಕಳುಹಿಸುವಾಗ ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದಿದೆ. ಇಂಗ್ಲಿಷ್ ಲಿಪಿಯಲ್ಲಿ ಒಂದು ಸಂದೇಶಕ್ಕೆ 160 ಸ್ಥಾನಗಳು. ಕನ್ನಡ ಲಿಪಿಯಲ್ಲಿ ಸಾಮಾನ್ಯವಾಗಿ 70 ಮಾತ್ರ. ಗುಣಿತದ ಚಿಹ್ನೆಗಳೂ ಪ್ರತ್ಯೇಕವಾಗಿ ಎಣಿಕೆಯಾಗುವುದರಿಂದ ‘ಕನ್ನಡ’ ಎಂಬ ಮೂರಕ್ಷರದ ಪದಕ್ಕೇ ಐದು ಸ್ಥಾನಗಳು ಬೇಕು. ಮಿತಿ ಮೀರಿದರೆ ಒಂದು ಸಂದೇಶ ಎರಡಾಗಿ, ಶುಲ್ಕವೂ ಇಮ್ಮಡಿಯಾಗಬಹುದು.

ಅಂತರಜಾಲದ ಮೂಲಕ ಮಾತನಾಡಿದರೆ ಎಷ್ಟು ಡೇಟಾ ಬೇಕು? ಲೆಕ್ಕ ಸುಲಭ. ಧ್ವನಿಯನ್ನು ಸೆಕೆಂಡಿಗೆ 24,000 ಬಿಟ್‌ಗಳಂತೆ ಕಳುಹಿಸಿದರೆ ನಿಮಿಷಕ್ಕೆ 14,40,000 ಬಿಟ್‌ಗಳು, ಎಂದರೆ 1,80,000 ಬೈಟ್‌ಗಳು. ಹೋಗುವ ಮಾತು, ಬರುವ ಮಾತು ಎರಡೂ ಸೇರಿ ಇದರ ಇಮ್ಮಡಿ. ದಾರಿ ತೋರುವ ಸಂಕೇತಗಳನ್ನೂ ಕೂಡಿಸಿದರೆ ನಿಮಿಷಕ್ಕೆ ಸುಮಾರು ಅರ್ಧ ಮೆಗಾಬೈಟ್. ಆದುದರಿಂದ ಒಂದು ಗಿಗಾಬೈಟ್‌ನಲ್ಲಿ ಮೂವತ್ತು ಗಂಟೆಗೂ ಹೆಚ್ಚು ಕಾಲ ತಾಯಿತಂದೆಯರೊಡನೆ ಮಾತನಾಡಬಹುದು. ಡೇಟಾವನ್ನು ನುಂಗುವುದು ಮಾತಲ್ಲ; ಚಲಿಸುವ ಚಿತ್ರಗಳು ಮತ್ತು ನಮಗೆ ತಿಳಿಯದಂತೆ ಫೋನು ತಾನೇ ಇಳಿಸಿಕೊಳ್ಳುವ ಹೊಸ ಆವೃತ್ತಿಗಳು. ಇವನ್ನು ವಸತಿಗೃಹದ ವೈ-ಫೈ ದೊರೆಯುವವರೆಗೆ ತಡೆದಿಡಬೇಕು. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ದಾರಿ ಹುಡುಕಲು ಡೇಟಾ ಬೇಕಾಗುವುದಿಲ್ಲ. ಸ್ಥಾನ ತಿಳಿಸುವ ಉಪಗ್ರಹಗಳ ಸಂಕೇತವನ್ನು ಫೋನು ಪುಕ್ಕಟೆಯಾಗಿ ಹಿಡಿಯುತ್ತದೆ.

ಇನ್ನೆರಡು ಎಚ್ಚರಿಕೆಗಳು. ಹಡಗು, ವಿಮಾನಗಳಲ್ಲಿರುವ ಪುಟ್ಟ ಜಾಲಗಳು ಉಪಗ್ರಹದ ಮೂಲಕ ನೆಲವನ್ನು ಸಂಪರ್ಕಿಸುತ್ತವೆ. ಸಾಮಾನ್ಯ ಪ್ಯಾಕ್‌ಗಳು ಅಲ್ಲಿ ಸಲ್ಲದಿರಬಹುದು. ಎರಡನೆಯದಾಗಿ, ಸಿಂಗಾಪುರವು 2017ರಲ್ಲಿಯೇ 2ಜಿ ಜಾಲವನ್ನು ನಿಲ್ಲಿಸಿತು. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿಯನ್ನೂ ಮುಚ್ಚಿದವು. ಊರಿನಲ್ಲಿ ಚೆನ್ನಾಗಿ ನಡೆಯುವ ಹಳೆಯ ಫೋನು ಅಲ್ಲಿ ಮೂಕವಾದೀತು.

ಮನೆಯವರೊಡನೆ ಮಾತು ಕಡಿಮೆ ಮಾಡಿ ಹಣ ಉಳಿಸುವುದು ಮಿತವ್ಯಯವಲ್ಲ. ಮಾತು ಯಾವ ದಾರಿಯಲ್ಲಿ ಹೋಗುತ್ತದೆ, ಆ ದಾರಿಯ ಸುಂಕವನ್ನು ಯಾರು ಗೊತ್ತುಮಾಡುತ್ತಾರೆ ಎಂಬುದನ್ನರಿತು ಸರಿಯಾದ ದಾರಿಯನ್ನು ಆರಿಸಿಕೊಳ್ಳುವುದೇ ನಿಜವಾದ ಮಿತವ್ಯಯ.