ಓಮ್ನಿ ಜರ್ಕ್ ಹೊಡೆದರೆ ಮೊದಲು ಏನು ನೋಡಬೇಕು?

ತೆರಕಣಾಂಬಿ, ಗುಂಡ್ಲುಪೇಟೆ ಸೀಮೆಯಲ್ಲಿ ಮಾರುತಿ ಓಮ್ನಿಗೆ ಬಿಡುವೆಂಬುದಿಲ್ಲ. ಬೆಳಿಗ್ಗೆ ಚೆಂಡು ಹೂವಿನ ಮೂಟೆ, ಆಮೇಲೆ ಶಾಲೆಯ ಮಕ್ಕಳು, ಮುಹೂರ್ತವಿದ್ದ ದಿನ ನೆಂಟರಿಷ್ಟರು. 1984ರಲ್ಲಿ ರಸ್ತೆಗಿಳಿದ ಈ ವ್ಯಾನಿನ ತಯಾರಿಕೆ 2019ರಲ್ಲಿ ನಿಂತುಹೋಯಿತು. ಉಳಿದಿರುವುದೆಲ್ಲ ಹಳೆಯ ಗಾಡಿಗಳೇ. ಅವುಗಳ ದೂರು ಮಾತ್ರ ಒಂದೇ ಥರ: “ಪಿಕಪ್ಪೇ ಇಲ್ಲ ಕನಣ್ಣ, ಜರ್ಕ್ ಹೊಡೀತದ.”

ಮೊದಲ ಓಮ್ನಿಗಳಲ್ಲಿ ಕಾರ್ಬುರೇಟರ್ ಇತ್ತು. ಸ್ಕ್ರೂ ತಿರುಗಿಸಿ, ಕಿವಿಗೊಟ್ಟು ಕೇಳಿದರೆ ಅರ್ಧ ರಿಪೇರಿ ಮುಗಿಯುತ್ತಿತ್ತು. ಆಮೇಲೆ ಬಂದ ಎಂಪಿಎಫ್‌ಐ (ಇಂಜೆಕ್ಷನ್) ಗಾಡಿಯ 796 ಸಿಸಿ ಎಂಜಿನ್ನಿನಲ್ಲಿ ಮೂರು ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇದೆ. ಅದು ಎಷ್ಟು ಹೊತ್ತು ಪೆಟ್ರೋಲ್ ಚಿಮ್ಮಬೇಕೆಂದು ನಿರ್ಧರಿಸುವುದು ಇಸಿಎಂ ಎಂಬ ಪುಟ್ಟ ಕಂಪ್ಯೂಟರ್. ಚಾಲಕ ಆಕ್ಸಿಲರೇಟರ್ ಒತ್ತಿದಾಗ ತೆರೆದುಕೊಳ್ಳುವುದು ಥ್ರಾಟಲ್ ಬಾಡಿಯ ತಟ್ಟೆ, ಒಳಗೆ ಹೋಗುವುದು ಗಾಳಿ. ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಕೊಡುವ ಲೆಕ್ಕ ಕಂಪ್ಯೂಟರಿನದು. ಸೆನ್ಸರ್ ತಪ್ಪು ಸುದ್ದಿ ಕೊಟ್ಟರೆ ಲೆಕ್ಕವೂ ತಪ್ಪುತ್ತದೆ.

ಅಂದಾಜಿನ ಮೇಲೆ ಪಾರ್ಟ್ ಬದಲಿಸುವ ಅಭ್ಯಾಸದಿಂದ ಮಾಲೀಕರ ಜೇಬು ಸುಡುವುದು ಇಲ್ಲೇ. ಇಂದು ಸೆನ್ಸರ್, ನಾಳೆ ಪಂಪ್, ನಾಡಿದ್ದು ಕಂಪ್ಯೂಟರ್. ಒಮ್ಮೆ ಜೋಡಿಸಿದ ಎಲೆಕ್ಟ್ರಿಕಲ್ ಪಾರ್ಟನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸ್ ಪಡೆಯುವುದಿಲ್ಲ. ದುಡಿಮೆಯ ಗಾಡಿಗೆ ಇದು ಅನ್ಯಾಯದ ಖರ್ಚು. ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಇದರಲ್ಲಿ ಬಹುಪಾಲನ್ನು ತಡೆಯಬಹುದು.

ಟಿಪಿಎಸ್ ಎನ್ನುವ ಥ್ರಾಟಲ್ ಸೆನ್ಸರನ್ನೇ ನೋಡೋಣ. ತಟ್ಟೆ ಎಷ್ಟು ತೆರೆದಿದೆ ಎಂಬುದನ್ನು ಇದು ವೋಲ್ಟೇಜ್ ಮೂಲಕ ತಿಳಿಸುತ್ತದೆ. ಎಂಜಿನ್ ಚಾಲೂ ಮಾಡದೆ ಬರೀ ಕೀ ಆನ್ ಮಾಡಿ, ಸೆನ್ಸರಿನ ಸಿಗ್ನಲ್ ವೈರಿಗೆ ಮೀಟರ್ ಹಿಡಿದು, ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಬೇಕು. ಸುಮಾರು ಅರ್ಧ ವೋಲ್ಟಿನಿಂದ ನಾಲ್ಕು ವೋಲ್ಟಿನಾಚೆಗೆ ಅಂಕಿ ಎಲ್ಲೂ ತಡವರಿಸದೆ ಏರಬೇಕು. ನಡುವೆ ಥಟ್ಟನೆ ಬಿದ್ದು ಮತ್ತೆ ಎದ್ದಿತೋ, ಒಳಗಿನ ಪಟ್ಟಿ ಅಲ್ಲಿ ಸವೆದಿದೆ. ಸವೆಯುವುದೂ ಚಾಲಕ ಸದಾ ಕಾಲಿಡುವ ಮಟ್ಟದಲ್ಲೇ. ಚಾಮರಾಜನಗರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಜರ್ಕ್ ಹೊಡೆದು, ಪೂರ್ತಿ ಒತ್ತಿದರೆ ಸರಿಹೋಗುವ ಗಾಡಿಯಲ್ಲಿ ಮೊದಲ ಅನುಮಾನ ಇದರ ಮೇಲೆಯೇ ಬರಬೇಕು.

ಐಡ್ಲಿಂಗ್ ನಿಲ್ಲದೆ ಆಫ್ ಆಗುವ ರೋಗವೇ ಬೇರೆ. ಥ್ರಾಟಲ್ ತಟ್ಟೆಯ ಅಂಚಿಗೂ ಐಡ್ಲಿಂಗ್ ಗಾಳಿಯ ಸಣ್ಣ ದಾರಿಗೂ ಮಸಿ ಕಟ್ಟಿರುತ್ತದೆ. ಕ್ಲೀನರ್ ಸ್ಪ್ರೇ, ಬಟ್ಟೆ, ಸ್ವಲ್ಪ ತಾಳ್ಮೆ ಸಾಕು. ಇದಕ್ಕೆ ತಿರುಗುಮುರುಗಾಗಿ ಐಡ್ಲಿಂಗ್ ತಾನಾಗಿ ಏರುತ್ತಿದ್ದರೆ ಕೇಬಲ್ ಬಿಗಿಯಾಗಿರಬಹುದು, ಇಲ್ಲವೇ ಬಿರುಕು ಬಿಟ್ಟ ರಬ್ಬರ್ ಪೈಪಿನಿಂದ ಕಳ್ಳಗಾಳಿ ಒಳನುಗ್ಗುತ್ತಿರಬಹುದು.

ಏರಿನಲ್ಲಿ ಎಳೆಯದ ಗಾಡಿಯಲ್ಲಿ ನೋಡಬೇಕಾದ್ದು ಪೆಟ್ರೋಲಿನ ಪ್ರೆಶರ್. ಆ ಪ್ರೆಶರ್ ಕೊಡುವ, ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಪೆಟ್ರೋಲೇ. ಸದಾ ಇನ್ನೂರು ರೂಪಾಯಿಯದಷ್ಟೇ ಹಾಕಿಸಿಕೊಂಡು ಓಡುವ ಗಾಡಿಯ ಪಂಪ್ ಬೇಗ ಬಳಲುತ್ತದೆ. ಎಲ್‌ಪಿಜಿಯಲ್ಲೇ ಓಡುವ ವ್ಯಾನುಗಳಲ್ಲಿ ಪೆಟ್ರೋಲ್ ಇಂಜೆಕ್ಟರ್‌ಗಳು ಕೆಲಸವಿಲ್ಲದೆ ಅಂಟು ಹಿಡಿಯುತ್ತವೆ. ಸತ್ತ ಇಂಜೆಕ್ಟರ್ ಪತ್ತೆಗೆ ಹಳೆಯ ಉಪಾಯವೇ ಸಾಕು: ಐಡ್ಲಿಂಗಿನಲ್ಲಿ ಒಂದೊಂದರ ಕನೆಕ್ಟರ್ ಕಳಚಬೇಕು. ಯಾವುದನ್ನು ಕಳಚಿದರೂ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ದುಡಿಯುತ್ತಿಲ್ಲ. ಸ್ಪಾರ್ಕ್ ಪ್ಲಗ್ ಸರಿಯಿದೆಯೇ ಎಂದು ನೋಡಿಕೊಂಡ ಮೇಲಷ್ಟೇ ಇಂಜೆಕ್ಟರ್ ಬಿಚ್ಚಬೇಕು.

ಈ ಊರುಗಳಿಗೆ ಎತ್ತರವೂ ಒಂದು ಲೆಕ್ಕ. ಗುಂಡ್ಲುಪೇಟೆ ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರ್ ಮೇಲಿದ್ದರೆ, ಊಟಿ 2,200 ಮೀಟರ್ ದಾಟುತ್ತದೆ. ಮೇಲೆ ಗಾಳಿ ತೆಳು, ಅದಕ್ಕೆ ತಕ್ಕಂತೆ ಪೆಟ್ರೋಲೂ ಕಡಿಮೆ ಬೇಕು. ಕಾರ್ಬುರೇಟರಿಗೆ ಇದು ಗೊತ್ತಾಗುತ್ತಿರಲಿಲ್ಲ. ಇಂಜೆಕ್ಷನ್ ಗಾಡಿಯಲ್ಲಿ ಗಾಳಿಯ ಒತ್ತಡ ಅಳೆಯುವ ಎಂಎಪಿ ಸೆನ್ಸರ್ ಅದನ್ನು ತಿಳಿಸುತ್ತದೆ. ಹಾಗಾಗಿ ಘಾಟಿಯಲ್ಲಿ ಕರಿ ಹೊಗೆ ಕಂಡರೆ ಈ ಸೆನ್ಸರನ್ನೂ ಅದರ ಪೈಪು, ವೈರನ್ನೂ ತಪ್ಪದೆ ಪರೀಕ್ಷಿಸಬೇಕು. ಹೊರಡುವ ಮುಂಚೆಯೇ ಪರೀಕ್ಷಿಸುವುದು ಒಳ್ಳೆಯದು, ಏಕೆಂದರೆ ಊಟಿಯ ದಾರಿಯಲ್ಲಿ ಬಂಡೀಪುರದ ಕಾಡಿದೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವ, ಹಗಲಲ್ಲೂ ಗಾಡಿ ನಿಲ್ಲಿಸುವಂತಿಲ್ಲದ ಹಾದಿ ಅದು.

ಸ್ಕ್ಯಾನರ್ ಹಾಕಿಸಿದರೂ ಎಚ್ಚರ ಬೇಕು. ‘ಪೆಟ್ರೋಲ್ ಕಡಿಮೆ’ ಎಂಬ ಕೋಡ್ ಬಂದ ಮಾತ್ರಕ್ಕೆ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದಲ್ಲ. ಕಳ್ಳಗಾಳಿಗೂ ಅದೇ ಕೋಡ್ ಬರುತ್ತದೆ, ಕಟ್ಟಿದ ಪೆಟ್ರೋಲ್ ಫಿಲ್ಟರಿಗೂ ಬರುತ್ತದೆ. ಕಂಪ್ಯೂಟರನ್ನೇ ಬದಲಿಸಿ ಎನ್ನುವ ಮೆಕ್ಯಾನಿಕ್ಕಿಗೆ ಅರ್ತ್ ವೈರ್ ನೋಡಿದಿರಾ ಎಂದು ಕೇಳಲೇಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೈನಸ್ಸಿಗೂ ಎಂಜಿನ್ನಿನ ಮೈಗೂ ಮೀಟರ್ ಹಿಡಿದರೆ ಅಂಕಿ ಸೊನ್ನೆಯ ಹತ್ತಿರವಿರಬೇಕು. ಅರ್ಧ ವೋಲ್ಟ್ ತೋರಿಸಿದರೆ, ಅರ್ತ್ ವೈರಿನ ತುಕ್ಕು ಹಿಡಿದ ಬೋಲ್ಟನ್ನು ಬಿಚ್ಚಿ, ಎಮರಿ ಕಾಗದದಲ್ಲಿ ಉಜ್ಜಿ, ಬಿಗಿದು, ಆಮೇಲೆ ಎಲ್ಲ ಸೆನ್ಸರನ್ನೂ ಹೊಸದಾಗಿ ಅಳೆಯಬೇಕು.