ಹೆಜ್ಜೆಗುರುತಿನಿಂದ ಹೇತುವಿನವರೆಗೆ

ಭಾರತೀಯ ತರ್ಕಶಾಸ್ತ್ರದ ಚರಿತ್ರೆಯನ್ನು ಕ್ರಿ.ಶ. 2ನೆಯ ಶತಮಾನದ ಆಸುಪಾಸಿನ, ಅಕ್ಷಪಾದ ಗೌತಮನ ನ್ಯಾಯಸೂತ್ರಗಳಿಂದ ಆರಂಭಿಸುವ ರೂಢಿಯಿದೆಯಾದರೂ, ಆ ಶಾಸ್ತ್ರವು ಹೆಸರಿಟ್ಟು ವಿಂಗಡಿಸಿದ ವಿಚಾರಕ್ರಮಗಳು ಅದಕ್ಕೂ ಹಿಂದೆಯೇ ಉಪನಿಷತ್ತಿನ ಸಂವಾದಗಳಲ್ಲಿಯೂ ಪ್ರಾಣಿಕಥೆಗಳಲ್ಲಿಯೂ ಬಳಕೆಯಲ್ಲಿದ್ದವು.

ಛಾಂದೋಗ್ಯ ಉಪನಿಷತ್ತಿನ 6ನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿಯು ಮನಸ್ಸು ಅನ್ನಮಯವೆಂದು ಮಗ ಶ್ವೇತಕೇತುವಿಗೆ ಹೇಳಿ ಸುಮ್ಮನಾಗದೆ, 15 ದಿನ ಆಹಾರ ಬಿಟ್ಟು ನೀರನ್ನಷ್ಟೇ ಕುಡಿದಿರುವಂತೆ ಸೂಚಿಸಿ, ಆ ಬಳಿಕ ವೇದವನ್ನು ಪಠಿಸಲು ಕೇಳುತ್ತಾನೆ. ಕಲಿತದ್ದೊಂದೂ ನೆನಪಿಗೆ ಬಾರದ ಮಗನು ಉಂಡ ಮೇಲೆ ಕೇಳಿದ್ದಕ್ಕೆಲ್ಲ ಉತ್ತರಿಸುತ್ತಾನೆ. ಕಾರಣವಿದ್ದಾಗ ಕಾರ್ಯವಿರುವುದನ್ನು ಅನ್ವಯವೆಂದೂ, ಕಾರಣವಿಲ್ಲದಾಗ ಕಾರ್ಯವೂ ಇಲ್ಲದಿರುವುದನ್ನು ವ್ಯತಿರೇಕವೆಂದೂ ಮುಂದಿನ ಶಾಸ್ತ್ರಕಾರರು ಕರೆದ ಎರಡು ಪರೀಕ್ಷೆಗಳೂ ಇಲ್ಲಿ ಒಂದೇ ಪ್ರಯೋಗದಲ್ಲಿ ಕೂಡಿವೆ. ಅದೇ ಅಧ್ಯಾಯದಲ್ಲಿ ನೀರಿನಲ್ಲಿ ಕರಗಿದ ಉಪ್ಪು ಕಣ್ಣಿಗೆ ಕಾಣದೆ ನಾಲಿಗೆಗೆ ತಿಳಿಯುತ್ತದೆ. ಕಾಣದ್ದೂ ಇರಬಲ್ಲದೆಂಬುದನ್ನು ಅದು ತೋರಿಸುತ್ತದೆಯೇ ಹೊರತು ಉದ್ದಾಲಕನು ಆ ದೃಷ್ಟಾಂತದಿಂದ ಸೂಚಿಸುವ ಆತ್ಮವನ್ನು ಸಾಧಿಸಿಕೊಡುವುದಿಲ್ಲ.

ಪಾಲಿ ಭಾಷೆಯ ನಳಪಾನ ಜಾತಕದಲ್ಲಿ, ಕೊಳಕ್ಕೆ ಇಳಿದ ಹೆಜ್ಜೆಗಳಿದ್ದು ಮೇಲೇರಿದ ಹೆಜ್ಜೆಗಳಿಲ್ಲದ್ದನ್ನು ಕಂಡ ಕಪಿರಾಜನು ನೀರಿನೊಳಗೆ ರಾಕ್ಷಸನಿದ್ದಾನೆಂದು ಊಹಿಸಿ, ದಡದಲ್ಲಿಯೇ ಕುಳಿತು ಜೊಂಡಿನ ಕೊಳವೆಯಿಂದ ನೀರು ಕುಡಿಯುವ ಉಪಾಯ ಹೂಡುತ್ತಾನೆ. ಈ ಕಥೆಯ ಗದ್ಯವು ತಡವಾಗಿ ಬರಹಕ್ಕಿಳಿದಿದ್ದರೂ ಹೆಜ್ಜೆಗಳ ಮಾತು ಅದರ ಪ್ರಾಚೀನ ಗಾಥೆಯಲ್ಲಿಯೇ ಇದೆ. ಇದ್ದಿದ್ದರೆ ಕಾಣಬೇಕಾಗಿದ್ದುದು ಕಾಣದಿರುವುದನ್ನೇ ಜ್ಞಾನಸಾಧನವೆಂದು ಒಪ್ಪಿದ ಭಾಟ್ಟ ಮೀಮಾಂಸಕರು ಅದನ್ನು ಅನುಪಲಬ್ಧಿ ಎಂದು ಕರೆದರು. ಪಂಚತಂತ್ರದ ನರಿಯಾದರೋ ಗುಹೆಯೊಳಗೆ ಹೋದ ಸಿಂಹದ ಹೆಜ್ಜೆಗಳನ್ನು ನೋಡಿ ಶಂಕಿಸಿದ್ದಲ್ಲದೆ, ಗುಹೆಯನ್ನೇ ಕೂಗಿ ಕರೆದು, ಮೋಸಹೋದ ಸಿಂಹವು ಓಗೊಟ್ಟಾಗ ತನ್ನ ಊಹೆಯನ್ನು ದೃಢಪಡಿಸಿಕೊಳ್ಳುತ್ತದೆ.

ನ್ಯಾಯಸೂತ್ರಗಳು ವಾದವನ್ನು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನವೆಂಬ ಐದು ಅವಯವಗಳಾಗಿ ಕಟ್ಟಿದಾಗ, ಸಂವಾದಗಳಲ್ಲಿ ಬಳಕೆಯಲ್ಲಿದ್ದ ದೃಷ್ಟಾಂತಕ್ಕೆ ಅವುಗಳ ನಡುವೆಯೇ ಸ್ಥಾನ ದೊರೆಯಿತು: ಬೆಟ್ಟದಲ್ಲಿ ಹೊಗೆಯಿರುವುದರಿಂದ ಬೆಂಕಿಯಿದೆ ಎನ್ನುವವನು ಅಡುಗೆಮನೆಯ ಉದಾಹರಣೆಯನ್ನೂ ಕೊಡಬೇಕು. ಹೋಲಿಕೆಯೊಂದೇ ಸಾಲದು, ಹೊಗೆಯಿರುವಲ್ಲೆಲ್ಲ ಬೆಂಕಿಯಿರಬೇಕೆಂಬ ತಪ್ಪದ ಸಂಬಂಧವೂ, ಅಂದರೆ ವ್ಯಾಪ್ತಿಯೂ, ಬೇಕೆಂಬ ಅರಿವು ಬೌದ್ಧ ತಾರ್ಕಿಕ ದಿಙ್ನಾಗನ ವಿಮರ್ಶೆಯ ನಂತರ ಗಟ್ಟಿಯಾಯಿತು. ಉಪ್ಪಿನ ದೃಷ್ಟಾಂತವು ತೆರೆದಿಟ್ಟಿದ್ದ ಕೊರತೆ ಹೀಗೆ ತುಂಬಿತು.

ಆದರೂ ಉದಾಹರಣೆಯನ್ನು ನೈಯಾಯಿಕರು ಕೈಬಿಡಲಿಲ್ಲ. ಲೌಕಿಕನೂ ಪರೀಕ್ಷಕನೂ ಸಮಾನವಾಗಿ ಒಪ್ಪುವ ವಿಷಯವೇ ದೃಷ್ಟಾಂತವೆಂದು ಗೌತಮನು ಲಕ್ಷಣ ಹೇಳಿದ್ದರಿಂದ, ತರ್ಕವು ಪಂಡಿತಸಭೆಯ ವಿದ್ಯೆಯಾದ ಮೇಲೂ ಸಾಮಾನ್ಯನ ಅನುಭವಕ್ಕೆ ಉತ್ತರ ಹೇಳಬೇಕಾದ ವಿದ್ಯೆಯಾಗಿ ಉಳಿಯಿತು. ಕಥೆ-ಸಂವಾದಗಳಿಂದ ಅದಕ್ಕೆ ಬಂದ ಅತ್ಯಂತ ಬೆಲೆಯುಳ್ಳ ಬಳುವಳಿ ಇದೇ.